ಕಾಕುವಿನ ಚಿಕ್ಕಿ ಫೌಜದಾರ

ಟಿವಿಯಲ್ಲಿ ಕಥೆ ಮುಗಿದ ಮೇಲೆ ನಮ್ಮ ಕಾಕುವಿನ ಕಥೆ ಶುರುವಾಗುತ್ತಿತ್ತು. ಪರದೆಯ ಮೇಲೆ ಕೊನೆಯ ಹೆಸರುಗಳು ಓಡುತ್ತಿರುವಾಗಲೇ ಅವಳು ಕೈಯಲ್ಲಿದ್ದ ಉಣ್ಣೆಯನ್ನು ಮಡಿಲಿಗೆ ಹಾಕಿಕೊಂಡು, "ಟೀಚರಬಾಯಿ, ಆವಾಜ ಸಣ್ಣ ಮಾಡ್ರಿ. ಇವರಿಗಿ ಮುಂದಿಂದು ಗೊತ್ತಿಲ್ಲ," ಎನ್ನುತ್ತಿದ್ದಳು. ಆ ಕಥೆ ಬರೆದವರಿಗೆ, ಅದರಲ್ಲಿ ಕುದುರೆ ಏರಿದವರಿಗೆ, ಅದನ್ನು ಹಿಂದಿಗೆ ತಂದವರಿಗೆ ಗೊತ್ತಿಲ್ಲದ್ದು ಮಹಾರಾಷ್ಟ್ರದ ಗಡಿಯ ತುರೋರಿಯಲ್ಲಿ ಕೂತು ಉಣ್ಣೆ ಹಿಂಜುವ ತನಗೆ ಗೊತ್ತಿದೆ ಎಂಬುದರಲ್ಲಿ ಅವಳಿಗೆ ಚೂರೂ ಅನುಮಾನವಿರಲಿಲ್ಲ. ಕೇಳುತ್ತ ಕೇಳುತ್ತ ನನಗೂ ಇಲ್ಲವಾಯಿತು.

ಹೋದ ತಿಂಗಳು ಉದಗೀರದಲ್ಲಿ, ಮಗಳ ಮನೆಯಲ್ಲಿ, ಕಾಕು ತೀರಿಕೊಂಡಳು. ಅಂದಿನಿಂದ ಸಂಜೆ ಚಹಾದ ಹೊತ್ತಿಗೆ ಟಿವಿ ಹಾಕಲು ನನಗೆ ಮನಸ್ಸಾಗುತ್ತಿಲ್ಲ.

ಅವಳ ಮನೆ ನಮ್ಮ ಮನೆಯ ಹಿಂದಿನ ಓಣಿಯಲ್ಲಿ. ಬೀರಪ್ಪನ ಒಕ್ಕಲು, ಕುರಿಯವರ ಮನೆತನ. ಗಂಡ ಹೋಗಿ ಬಹಳ ವರ್ಷವಾಗಿತ್ತು. ಕುರಿಗಳನ್ನು ಮಗ ನೋಡಿಕೊಳ್ಳುತ್ತಿದ್ದ. ತವರು ಮಾಕಣಿ. ದೊಡ್ಡ ಹೊಳೆಯ ನೀರನ್ನು ನೋಡುತ್ತ ಬೆಳೆದವಳಿಗೆ ತುರೋರಿಯ ಹಳ್ಳ ಯಾವತ್ತೂ ಮನಸ್ಸಿಗೆ ಬರಲಿಲ್ಲ. "ಇದಕ್ಕ ನೀರ ಅಂತೀರೇನು? ನಮ್ಮ ಕಡಿ ಇದರಾಗ ಕಾಲ ತೊಳೀತೀವಿ," ಎಂದು ಹೊಸ ಸೊಸೆಯಾಗಿದ್ದ ಕಾಲದಿಂದಲೂ ಹೇಳಿಕೊಂಡು ಬಂದಿದ್ದಳಂತೆ. ಹಣೆಯ ಮೇಲೆ ಯಾವಾಗಲೂ ಬೀರಪ್ಪನ ಭಂಡಾರದ ಅರಿಸಿನ, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಹೊಲದ ಆಚೆ ದಂಡೆಯಲ್ಲಿರುವ ಮಗನಿಗೆ ಕೇಳಲಿ ಎಂದು ಬೆಳೆಸಿದ ದನಿ ಅದು. ನಮ್ಮ ಪಡಸಾಲೆಯಲ್ಲಿ ಅದು ಹಿಡಿಯುತ್ತಿರಲಿಲ್ಲ. ಓಣಿಯವರೆಲ್ಲ ಅವಳನ್ನು ಮರಾಠಿ ರೂಢಿಯಂತೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನನ್ನ ಯಜಮಾನರ ಅಣ್ಣ, ನಮ್ಮ ಭಾವ, ಮಾತ್ರ 'ಅಕ್ಕಾ' ಎನ್ನುತ್ತಿದ್ದರು. ಅವಳಿಗೆ ಭಾವ 'ತಮ್ಮಾ'. ಚಡ್ಡಿ ಹಾಕಿಕೊಂಡು ಓಡಾಡುವಾಗಿನಿಂದ ನೋಡಿದ್ದೇನೆ ಎಂಬ ಒಂದೇ ಆಧಾರದ ಮೇಲೆ ಊರಿನ ದೊಡ್ಡ ಒಕ್ಕಲುತನದ ಯಜಮಾನನನ್ನು ಅವಳು ಗದರಿಸುತ್ತಿದ್ದಳು.

ನಾನು ಬಸವಕಲ್ಯಾಣದ ಕಡೆಯವಳು. ಉಮರ್ಗಾದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಬಸ್ಸಿಳಿದು ಮನೆ ಸೇರಿ, ಚಹಾ ಇಡುವ ಹೊತ್ತಿಗೆ ಕಾಕು ಹೊಸ್ತಿಲ ಬಳಿ ಹಾಜರ್. ಆ ಹೊತ್ತಿಗೆ ಒಂದು ಚಾನೆಲ್ಲಿನಲ್ಲಿ ಅಮೆರಿಕದ ಹಳೆಯ ಧಾರಾವಾಹಿ ಹಿಂದಿಯಲ್ಲಿ ಬರುತ್ತಿತ್ತು. ಕೆಂಪು ಮಣ್ಣು, ಮರದ ಮನೆಗಳ ಸಾಲು, ಸೊಂಟದಲ್ಲಿ ಪಿಸ್ತೂಲು, ಎದೆಯ ಮೇಲೆ ನಕ್ಷತ್ರ ಸಿಕ್ಕಿಸಿಕೊಂಡ ಒಬ್ಬ ಅಧಿಕಾರಿ. ನಕ್ಷತ್ರಕ್ಕೆ ನಮ್ಮ ಕಡೆ ಚಿಕ್ಕಿ ಎನ್ನುವುದರಿಂದ ಅವನಿಗೆ ಕಾಕು ಇಟ್ಟ ಹೆಸರು ಚಿಕ್ಕಿ ಫೌಜದಾರ. ಭಾವನಿಗೂ ಆ ಧಾರಾವಾಹಿ ಎಂದರೆ ಪ್ರಾಣ. ಒಳಗಿನ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಪೇಪರು ಅಗಲಿಸಿಕೊಂಡು, ಪೇಪರಿನ ಅಂಚಿನ ಮೇಲಿಂದ ನೋಡುತ್ತಿದ್ದರು.

ಕಾಕುವಿನ ತಕರಾರುಗಳಿಗೆ ಕೊನೆಯಿರಲಿಲ್ಲ. ಸವಾರ ಕುದುರೆಯನ್ನು ಹೊರಗೆ ಕಟ್ಟಿ ಕುಡಿಯಲು ಒಳಗೆ ಹೋದರೆ ಅವಳ ಜೀವ ಆ ಕುದುರೆಯ ಹತ್ತಿರವೇ ಇರುತ್ತಿತ್ತು. ಒಳಗೆ ಗುಂಡು ಹಾರಿ, ಮೇಜು ಮುರಿದು, ನಾಲ್ಕು ಜನ ಬಿದ್ದಿದ್ದರೂ, "ಅದೆಲ್ಲ ಖರೇ. ಆ ಕುದರಿಗಿ ಯಾರ ನೀರ ಕುಡಸ್ಯಾರ?" ಎಂದು ಕೇಳುತ್ತಿದ್ದಳು. ಯಾವ ಕಥೆಗೂ ಅವಳ ಕೊನೆಯ ಪ್ರಶ್ನೆ ಇದೇ. ಕುದುರೆಯೋ ದನವೋ, ನೀರು ಕುಡಿದ ಮೇಲೆಯೇ ಕಥೆ ಮುಗಿದಂತೆ. ಧಾರಾವಾಹಿಯವರು ಅದನ್ನು ತೋರಿಸುತ್ತಲೇ ಇರಲಿಲ್ಲವಾದ್ದರಿಂದ ಅವಳು ಮುಂದುವರಿಸಬೇಕಾಗುತ್ತಿತ್ತು.

ಅವಳ ಕೈಗೆ ಸಿಕ್ಕ ಕೂಡಲೇ ಆ ಅಮೆರಿಕದವರೆಲ್ಲ ಕನ್ನಡ ಮಾತಾಡುತ್ತಿದ್ದರು. ಚಿಕ್ಕಿ ಫೌಜದಾರ ಮಾತ್ರ "ಕಾಯ್ ಝಾಲಂ ರೇ?" ಎಂದು, ಅಂದರೆ ಏನಾಯಿತೋ ಎಂದು, ಮರಾಠಿಯಲ್ಲಿ ಗುಡುಗುತ್ತಿದ್ದ. ಯಾಕೆ ಎಂದು ಒಮ್ಮೆ ಕೇಳಿದೆ. "ಸರ್ಕಾರಿ ಮನಿಶ್ಯಾ ಇದ್ದಾನಲ್ರಿ. ಕನ್ನಡ ಹ್ಯಾಂಗ ಮಾತಾಡ್ತಾನ?" ಎಂದಳು, ನನ್ನ ಬುದ್ಧಿಗೆ ಮರುಗುವವಳ ಹಾಗೆ.

ನಿಲಂಗೆಯ ಕಾಲೇಜಿನಲ್ಲಿ ಓದುವ ನನ್ನ ತಂಗಿಯ ಮಗಳು ರಜೆಗೆ ಬಂದಾಗ ಇದನ್ನು ಕೇಳಿ ಬೆರಗಾದಳು. ಅವಳೂ ಯಾವುದೋ ಧಾರಾವಾಹಿಯ ಮುಂದಿನ ಕಥೆಯನ್ನು ತಾನೇ ಕಟ್ಟಿ ಫೋನಿನಲ್ಲಿ ಬರೆದು ಹಾಕುತ್ತಾಳಂತೆ. ಅದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರಂತೆ, ಜಗತ್ತಿನ ತುಂಬ ಲಕ್ಷಾಂತರ ಜನ ಬರೆಯುತ್ತಾರಂತೆ. ಕಾಕುವಿಗೆ ತಿಳಿಸಿ ಹೇಳಿದಳು. ಕಾಕು ಎಲ್ಲ ಕೇಳಿಕೊಂಡು, "ಅವರ ಕಥ್ಯಾಗ ದನಕ್ಕ ನೀರ ಕುಡಸ್ತಾರೇನು?" ಎಂದಳು. ಹುಡುಗಿ ಫೋನು ತೆಗೆದು ತಾನು ಬರೆದದ್ದರಲ್ಲಿ ಹುಡುಕತೊಡಗಿದಳು.

ಇಷ್ಟು ಸುಖವಾಗಿ ನಡೆಯುತ್ತಿದ್ದಾಗ ಕಡಲೆಯ ಜಗಳ ಬಂತು.

ಹಳ್ಳಕ್ಕೆ ಇಳಿಯುವ ದಾರಿ ನಮ್ಮ ಹೊಲದ ಒಡ್ಡಿನ ಗುಂಟ ಹೋಗುತ್ತದೆ. ಭಾವನ ತಂದೆಯ ಕಾಲದಿಂದಲೂ ಕಾಕುವಿನ ಮನೆಯ ಕುರಿಗಳು ಮಧ್ಯಾಹ್ನ ಅಲ್ಲಿಂದಲೇ ನೀರಿಗೆ ಹೋಗಬೇಕು, ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ಕೂತು ಗೊಬ್ಬರ ಕೊಡಬೇಕು. ಇದು ಎರಡೂ ಮನೆಗಳ ನಡುವಿನ ರೂಢಿ. ಆ ವರ್ಷ ಒಂದು ಸಂಜೆ ಭಾವ ಹೊಲಕ್ಕೆ ಹೋದಾಗ ಹಿಂಡೊಂದು ಕಡಲೆಯನ್ನು ಮೇಯ್ದು ಗುಡ್ಡದ ಆಚೆ ಇಳಿಯುತ್ತಿತ್ತು. ಕುರಿಗಳ ಬೆನ್ನಿನ ಮೇಲೆ ಹಸಿರು ಬಣ್ಣದ ಗುರುತು. ಹಸಿರು ಕಾಕುವಿನ ಮನೆಯ ಗುರುತು. ಭಾವ ಮತ್ತೇನೂ ವಿಚಾರಿಸಲಿಲ್ಲ. ಹೈವೇಯ ಚಹಾದ ಅಂಗಡಿಯಲ್ಲಿ ಹತ್ತು ಜನರೆದುರು, "ಕುರಿಯವರನ್ನ ನಂಬಿ ಕೆಟ್ಟೆ," ಎಂದು ಕೂಗಾಡಿ, ಬೆಳಗಾಗುವುದರೊಳಗೆ ದಾರಿಗೆ ಜಾಲಿಮುಳ್ಳು ಹಾಕಿಸಿದರು.

ಮರುದಿನ ಕಾಕುವಿನ ಕುರಿಗಳು ದೊಡ್ಡಿಯಿಂದ ಹೊರಬಂದವು. ಊರೆಲ್ಲ ನೋಡಿತು, ಭಾವನೂ ನೋಡಿದರು. ಅದಕ್ಕೆ ಮೂರ್ನಾಲ್ಕು ದಿನ ಮೊದಲೇ ಉಣ್ಣೆ ಕತ್ತರಿಸಿದ್ದರು. ಕುರಿಗಳೆಲ್ಲ ಬೋಳು ಬೋಳು. ಗುರುತಿನ ಬಣ್ಣ ಹಾಕುವುದು ಉಣ್ಣೆಯ ಮೇಲೆ. ಉಣ್ಣೆ ಹೋದರೆ ಬಣ್ಣವೂ ಹೋಗುತ್ತದೆ, ಹೊಸದಾಗಿ ಹಾಕುವ ತನಕ ಗುರುತಿಲ್ಲ. ಭಾವ ಕಂಡ ಹಸಿರು ಬೆನ್ನಿನ ಕುರಿಗಳು ನಿಲಂಗೆಯ ದಾರಿ ಹಿಡಿದು ಹೋಗುತ್ತಿದ್ದ ಬೇರೆ ಯಾರದೋ ಹಿಂಡು. ಇದು ಚಿಕ್ಕ ಮಕ್ಕಳಿಗೂ ಅರ್ಥವಾಯಿತು. ಆದರೆ ಮುಳ್ಳು ಬಿದ್ದಾಗಿತ್ತು, ಮಾತೂ ಬಿದ್ದಾಗಿತ್ತು. ಭಾವ ಮುಳ್ಳು ತೆಗೆಸಲಿಲ್ಲ.

ದಾರಿ ಮುಚ್ಚಿದ ಮೇಲೆ ಕಾಕುವಿನ ಮಗ ಕುರಿಗಳನ್ನು ಹೈವೇ ದಾಟಿಸಿ ಆಚೆಯ ಕೆರೆಗೆ ಒಯ್ಯಬೇಕಾಯಿತು. ನಮ್ಮ ಊರಿನ ಹೈವೇ ಎಂದರೆ ಲಾರಿಗಳಿಗೆ ಬ್ರೇಕ್ ಇರುವುದೇ ಮರೆತುಹೋಗುವ ಜಾಗ. ದಿನಾ ಮಧ್ಯಾಹ್ನ ಒಬ್ಬನೇ ಆ ಹಿಂಡನ್ನು ಹಿಡಿದು ರಸ್ತೆಯ ಮಧ್ಯೆ ಕೋಲು ಎತ್ತಿ ನಿಲ್ಲುತ್ತಿದ್ದ. ಕಾಕು ಆ ಹೊತ್ತಿಗೆ ಮನೆಯ ಮುಂದೆ ನಿಂತು ಹಾರ್ನಿನ ಸದ್ದಿಗೆ ಕಿವಿ ಕೊಡುತ್ತಿದ್ದಳು.

ಅವಳ ಮೈದುನಂದಿರು ಬಂದು, ಬೀರಪ್ಪನ ಗುಡಿಯಿಂದ ಭಂಡಾರ ತರೋಣ, ಅದನ್ನು ಮುಟ್ಟಿ ಸತ್ಯ ಹೇಳು ಎಂದು ಭಾವನನ್ನು ಊರೆದುರು ಕೇಳೋಣ, ಸುಳ್ಳು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ ಎಂದರು. ಕಾಕು ಒಪ್ಪಲಿಲ್ಲ. "ಭಂಡಾರ ತಂದ್ರ ಅಂವಾ ಸೋಲ್ತಾನ. ಸೋತಾಂವ ದಾರಿ ಬಿಡ್ತಾನ, ಮಾತ ಬಿಡ್ತಾನ. ನನಗ ದಾರಿನೂ ಬೇಕು, ಅವನ ಮಾತೂ ಬೇಕು," ಎಂದಳು.

ನಾನಂತೂ ಇನ್ನು ಕಾಕು ನಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡಿದ್ದೆ. ಸಂಜೆ ಚಹಾದ ಹೊತ್ತಿಗೆ ಸರಿಯಾಗಿ ಉಣ್ಣೆಯ ಗಂಟಿನೊಂದಿಗೆ ಬಂದು ಕೂತಳು. ನಾನು ಗಾಬರಿಯಿಂದ ಒಳಗೆ ಭಾವನ ಕಡೆ ನೋಡಿದ್ದನ್ನು ಕಂಡು, "ಜಗಳ ಹೊಲದಾಗ ಅದ. ಟಿವಿ ಮನ್ಯಾಗ ಅದ. ಹಚ್ಚ್ರಿ," ಎಂದಳು. ಭಾವ ಪೇಪರನ್ನು ಇನ್ನಷ್ಟು ಮೇಲೆತ್ತಿಕೊಂಡರು.

ಅದೇ ವಾರ ಆ ಕಂತು ಬಂತು. ನಾನು ದೇವರನ್ನು ಅಷ್ಟಾಗಿ ಬೈಯುವವಳಲ್ಲ, ಅವತ್ತು ಬೈದೆ. ಚಿಕ್ಕಿ ಫೌಜದಾರನ ಊರಿಗೆ ಒಬ್ಬ ಕುರಿಯವನು ಹಿಂಡು ಹೊಡೆದುಕೊಂಡು ಬರುತ್ತಾನೆ. ಅಲ್ಲಿ ಸಾವಿರಾರು ದನಗಳ ಒಡೆಯನೊಬ್ಬ ಇದ್ದಾನೆ. ಅವನು ನೀರಿನ ಬುಗ್ಗೆಗೆ ಮುಳ್ಳುತಂತಿ ಬಿಗಿದು, ಕುರಿಗೆ ಇಲ್ಲಿ ನೀರಿಲ್ಲ ಎನ್ನುತ್ತಾನೆ. ನಾನು ರಿಮೋಟಿಗೆ ಕೈ ಹಾಕಿದೆ. "ಇರ್ಲಿ ಬಿಡ್ರಿ," ಎಂದಳು ಕಾಕು. ಕೊನೆಗೆ ಫೌಜದಾರ ಗಲಾಟೆ ಬೇಡವೆಂದು ಕುರಿಯವನನ್ನೇ ಊರು ಬಿಡಿಸುತ್ತಾನೆ. ಹಿಂಡು ಧೂಳಿನಲ್ಲಿ ಮರೆಯಾಗುತ್ತದೆ. ಸಂಗೀತ. ಹೆಸರುಗಳು.

ಕಾಕು ಉಣ್ಣೆಯನ್ನು ಮಡಿಲಿಗೆ ಹಾಕಿಕೊಂಡಳು. ಆಮೇಲೆ ಕೇಳಿದಳು: "ಕುರಿ ನೀರ ಕುಡದಾವೇನು?"

ಅಲ್ಲಿಂದ ಅವಳು ಆ ಒಂದೇ ಕಂತನ್ನು ಹಿಡಿದು ಕೂತಳು. ಧಾರಾವಾಹಿ ಮುಂದೆ ಹೋಯಿತು, ರೈಲು ದರೋಡೆಯಾಯಿತು, ಬ್ಯಾಂಕು ಸುಟ್ಟಿತು, ಕಾಕು ಮಾತ್ರ ಬುಗ್ಗೆಯ ಬಳಿಯೇ ನಿಂತಿದ್ದಳು. ಮೊದಲು ಕುರಿಯವನನ್ನು ರಿಪೇರಿ ಮಾಡಿದಳು. ಹೆಗಲ ಮೇಲೆ ಕಂಬಳಿಯಿಲ್ಲದವನು ಎಂಥ ಕುರಿಯವನು ಎಂದು ಕಂಬಳಿ ಹೊದಿಸಿದಳು, ಹಣೆಗೆ ಭಂಡಾರ ಹಚ್ಚಿದಳು, ಎರಡು ನಾಯಿ ಕೊಟ್ಟಳು. ದನದ ಒಡೆಯ ದನದ ಪಾಟೀಲನಾದ. ನಿಯಮವನ್ನೂ ತಾನೇ ಮಾಡಿಕೊಂಡಳು. ಟಿವಿಯಲ್ಲಿ ಆದದ್ದನ್ನು ಅಳಿಸುವಂತಿಲ್ಲ. ಧೂಳಿನಲ್ಲಿ ಹಿಂಡು ಮರೆಯಾಯಿತಲ್ಲ, ಅಲ್ಲಿಂದ ಮುಂದಕ್ಕೆ ಹೇಳಬೇಕು, ಅದೇ ಬುಗ್ಗೆಗೆ ತಿರುಗಿ ತರಬೇಕು.

ಒಂದು ದಿನ ಫೌಜದಾರನಿಗೆ ಬುದ್ಧಿ ಬಂದು ಪಿಸ್ತೂಲು ತೋರಿಸಿ ತಂತಿ ಬಿಚ್ಚಿಸಿದ. ಹೇಳಿ ಮುಗಿಸಿ ಅವಳೇ ಮುಖ ಸಿಂಡರಿಸಿದಳು. "ಬರೋಬರ ಆಗಲಿಲ್ಲ. ಆ ನೀರ ಕುರಿ ಕುಡೀತಾವ, ಕುರಿಯಾಂವಗ ಗಂಟಲದಾಗ ಇಳಿಯಂಗಿಲ್ಲ." ಪಾಟೀಲನ ಮಗಳು ಕುರಿಯವನನ್ನು ಪ್ರೀತಿಸಲಿ ಎಂದು ನಾನು ಸೂಚಿಸಿದೆ. "ಆ ಬಿಳಿ ಲಂಗದಾಕಿ? ನಮ್ಮ ಮನಿಗಿ ಬಂದು ಕುರಿ ಹಿಕ್ಕಿ ಬಳೀತಾಳೇನು?" ಎಂದು ನಕ್ಕು ನಕ್ಕು ಉಣ್ಣೆಯನ್ನೆಲ್ಲ ನೆಲಕ್ಕೆ ಚೆಲ್ಲಿದಳು. ನಮ್ಮ ಪಡಸಾಲೆ ಗುಡಿಸಿ ಗುಡಿಸಿ ನನಗೆ ಸಾಕಾಗಿತ್ತು. ಇನ್ನೊಂದು ದಿನ ಪಾಟೀಲನ ಹೊಲ ಬೆಳೆ ಕೊಡದಾಯಿತು, ಕುರಿ ಕೂಡಿಸಿ ಗೊಬ್ಬರ ಮಾಡು ಎಂದು ಅವನೇ ಕರೆಕಳಿಸಿದ. ಇದು ಅವಳಿಗೆ ಬಹಳ ಹಿಡಿಸಿತು. ಕೈ ತಿರುಗಿಸಿ ಹೇಳುತ್ತಿದ್ದಾಗ ಪೇಪರಿನ ಹಿಂದಿನಿಂದ ದನಿ ಬಂತು:

"ಅಷ್ಟು ದನ ಇದ್ದಾಂವಗ ಕುರಿ ಗೊಬ್ಬರ ಯಾಕ ಬೇಕು?"

ಜಗಳವಾದ ಮೇಲೆ ಭಾವ ಆಡಿದ ಮೊದಲ ಮಾತು ಅದು. ಅವಳೊಂದಿಗೆ ಆಡಿದರೋ ಗೋಡೆಯೊಂದಿಗೆ ಆಡಿದರೋ ಹೇಳುವುದು ಕಷ್ಟ. ಕಾಕು ತಿರುಗಿ ನೋಡಲಿಲ್ಲ. "ಖರೇ ಅದ," ಎಂದು ನನಗೆ ಹೇಳಿದಳು. "ಸಗಣಿ ಹೇರಳ ಇರ್ತದ. ಈ ಕಥಿ ನಡೆಯಂಗಿಲ್ಲ." ಅವತ್ತಿನ ಮಟ್ಟಿಗೆ ಎದ್ದು ಹೋದಳು. ಆದರೆ ಹೋಗುವಾಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ ರೀತಿಯಲ್ಲಿ ಗೆದ್ದವಳ ಕಳೆಯಿತ್ತು.

ಅದಾದ ಎರಡು ದಿನಕ್ಕೆ ಹೈವೇಯಲ್ಲಿ ಗಬ್ಬದ ಕುರಿಯೊಂದು ಲಾರಿಗೆ ಸಿಕ್ಕಿತು. ಅದನ್ನು ಎಳೆದುಕೊಳ್ಳಲು ಹೋದ ಮಗ ಕೂದಲೆಳೆಯ ಅಂತರದಲ್ಲಿ ಉಳಿದ. ಅಂಗಿಯ ತೋಳು ಹರಿದಿತ್ತು. ಆ ಸಂಜೆಯೂ ಕಾಕು ಬಂದಳು. ಹೊಸ್ತಿಲ ಬಳಿ ಕೂತಳು, ಉಣ್ಣೆ ಹಿಂಜಿದಳು, ಟಿವಿ ನೋಡಿದಳು. ಹೆಸರುಗಳು ಓಡಿ ಮುಗಿದರೂ ಆವಾಜ ಸಣ್ಣ ಮಾಡು ಎನ್ನಲಿಲ್ಲ. ಕಥೆ ಹೇಳಲಿಲ್ಲ. ಗಂಟು ಕಟ್ಟಿಕೊಂಡು ಹೋದಳು.

ನನಗೆ ತಡೆಯಲಾಗದ ಸಿಟ್ಟು ಬಂದಿತ್ತು. ಊಟಕ್ಕೆ ಬಡಿಸುವಾಗ, "ಮುಳ್ಳು ತೆಗೆಸ್ರಿ ಭಾವಾ," ಎಂದುಬಿಟ್ಟೆ. ಆ ಮನೆಗೆ ಬಂದ ಮೇಲೆ ಅವರೆದುರು ಅಷ್ಟು ನೇರವಾಗಿ ಮಾತಾಡಿರಲಿಲ್ಲ. ಭಾವ ತಟ್ಟೆಯನ್ನೇ ನೋಡುತ್ತ ಹೇಳಿದರು: "ತೆಗಸ್ತೀನಿ. ತೆಗಸಿ ಏನಂತ ಹೇಳ್ಲಿ?" ರೊಟ್ಟಿ ಮುರಿದವರು ಬಾಯಿಗಿಡಲಿಲ್ಲ. ಅವರೂ ಒದ್ದಾಡುತ್ತಿದ್ದರೆಂದು ನನಗೆ ತಿಳಿದದ್ದು ಆಗ.

ಮರುದಿನ ಶನಿವಾರ. ಕಾಕು ಮತ್ತೆ ಕಥೆ ಎತ್ತಿಕೊಂಡಳು. ದನಿ ಹಿಂದಿನಷ್ಟು ದೊಡ್ಡದಿರಲಿಲ್ಲ. "ಆಮ್ಯಾಲ ಏನಾತು ಟೀಚರಬಾಯಿ, ಪಾಟೀಲಗ ಕೆಟ್ಟ ಅನಸ್ತು. ಕುದರಿ ಹತ್ತಿ ಕುರಿಯಾಂವನ ಹಂತೇಕ ಬಂದ, ಟೊಪಗಿ ತೆಗದ, ತಪ್ಪಾತು ಮಾಫಿ ಮಾಡು ಅಂದ..."

"ಅಂವಾ ಮಾಫಿ ಕೇಳಂಗಿಲ್ಲ," ಎಂದರು ಭಾವ. ಪೇಪರು ಮಡಿಲಿಗೆ ಇಳಿದಿತ್ತು.

ಕಾಕು ಈಗ ತಿರುಗಿ ಕೂತಳು. "ಯಾಕ ಕೇಳಂಗಿಲ್ಲ?"

"ಊರ ಮುಂದ ಒದರ್ಯಾನ. ಈಗ ಹೋಗಿ ಮಾಫಿ ಅಂದ್ರ ನಾಳಿ ಅವನ ಆಳೂ ಅವನ ಮಾತ ಕೇಳಂಗಿಲ್ಲ."

"ಹಂಗಾರ ಅಂವಾ ಏನ ಮಾಡ್ತಾನ? ನೀನೇ ಹೇಳು, ತಮ್ಮಾ."

ತಮ್ಮಾ ಎಂದದ್ದು ಕೇಳಿ ನಾನು ಚಹಾದ ಕಪ್ಪುಗಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟು ನಿಂತೆ. ಭಾವ ಬಹಳ ಹೊತ್ತು ಟಿವಿಯ ಕಡೆ ನೋಡಿದರು. ಅಲ್ಲಿ ಸಾಬೂನಿನ ಜಾಹೀರಾತು ಬರುತ್ತಿತ್ತು.

"ಮುಂಜಾನೆ ತಂತಿ ಬಿಚ್ಚಸ್ತಾನ," ಎಂದರು ಕೊನೆಗೆ. "ನೀರಿನ ಹೊತ್ತಿಗಿ ಬುಗ್ಗಿ ಹಂತೇಕ ಬಂದು, ಆ ಕಡಿ ಮಾರಿ ಮಾಡಿ ಕೂಡ್ತಾನ. ಕುರಿ ಹೋಗೋದು ಅಂವಾ ನೋಡೇ ಇಲ್ಲ. ನೋಡಿಲ್ಲ ಅಂದ್ರ ಬಿಟ್ಟಾನ ಅಂತ ಯಾರೂ ಅನ್ನಂಗಿಲ್ಲ."

"ಕುರಿಯಾಂವ ಏನ ಮಾಡಬೇಕು?"

"ಏನೂ ಮಾಡಬಾರದು. ಮಾತಾಡಸಬಾರದು. ಸುಮ್ಮ ಹಿಂಡ ಹೊಡಕೊಂಡು ಹೋಗಬೇಕು."

ಕಾಕು ಇದನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡುವವಳ ಹಾಗೆ ಯೋಚಿಸಿದಳು. ಆಮೇಲೆ ಮೊಣಕಾಲು ಹಿಡಿದು ಎದ್ದಳು. "ಇದು ಬರೋಬರ ಅದ. ಇಷ್ಟು ದಿನ ನನಗ ಹೊಳದಿದ್ದಿಲ್ಲ ನೋಡು," ಎಂದಳು. ಕಥೆಯನ್ನು ಬೇರೆಯವರು ಮುಗಿಸಿದ್ದಕ್ಕೆ ಅವಳಿಗೆ ಬೇಸರವಾದಂತೆ ಕಾಣಲಿಲ್ಲ.

ರವಿವಾರ ನಾನೇ ಹೊಲಕ್ಕೆ ಬುತ್ತಿ ಒಯ್ದಿದ್ದೆ. ಮುಳ್ಳು ಪಕ್ಕಕ್ಕೆ ಸರಿದಿತ್ತು. ಭಾವ ತಲೆಗೆ ಟವೆಲ್ಲು ಸುತ್ತಿಕೊಂಡು, ದಾರಿಗೆ ಬೆನ್ನು ಮಾಡಿ, ಹೈವೇಯ ಕಡೆ ನೋಡುತ್ತ ಒಡ್ಡಿನ ಮೇಲೆ ಕೂತಿದ್ದರು. ಹೈವೇಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಘಂಟೆಯ ಸಪ್ಪಳ ಹತ್ತಿರ ಬಂತು. ಕಾಕುವಿನ ಮಗ ತಲೆ ತಗ್ಗಿಸಿಕೊಂಡು ಹಿಂಡಿನ ಹಿಂದೆ ಹೋದ, ಒಂದು ಮಾತೂ ಆಡಲಿಲ್ಲ. ಬೋಳು ಬೆನ್ನಿನ ಕುರಿಗಳು ಭಾವನನ್ನು ಸವರಿಕೊಂಡೇ ಹಳ್ಳಕ್ಕೆ ಇಳಿದವು. ಭಾವ ಅಲ್ಲಾಡಲಿಲ್ಲ. ನಾನು ಬುತ್ತಿಯ ಗಂಟು ಹಿಡಿದುಕೊಂಡು ಗಿಡದ ಮರೆಯಲ್ಲಿ ನಿಂತು ಅತ್ತೆ.

ಆ ಸಂಜೆ ಕಾಕು ಬಾಗಿಲಲ್ಲೇ ನಿಂತು, "ಕುರಿ ನೀರ ಕುಡದಾವ. ಆ ಕಥಿ ಮುಗೀತು. ಇನ್ನ ರೈಲಿಂದು ಹೇಳ್ತೀನಿ," ಎಂದು ಒಳಗೆ ಬಂದಳು. ಅವತ್ತಿನಿಂದ ಎಲ್ಲ ಮೊದಲಿನಂತಾಯಿತು. ಭಾವ ಮತ್ತೆ ಅಕ್ಕಾ ಎನ್ನತೊಡಗಿದರು, ಸುಗ್ಗಿಯ ಮೇಲೆ ಕುರಿಗಳು ನಮ್ಮ ಹೊಲದಲ್ಲಿ ಕೂತವು, ಕಾಕು ಅವರನ್ನು ಗದರಿಸಿದಳು. ಆದರೆ ಕಡಲೆಯ ಮಾತನ್ನು ಇಬ್ಬರೂ ಎತ್ತಲಿಲ್ಲ, ಮತ್ತು ಕುರಿ ನೀರಿಗೆ ಹೋಗುವ ಹೊತ್ತಿಗೆ ಹೊಲದಲ್ಲಿದ್ದರೆ ಭಾವ ಹೈವೇಯ ಕಡೆ ಮುಖ ಮಾಡಿಯೇ ಕೂರುತ್ತಿದ್ದರು. ವರ್ಷಗಳು ಹೋದವು. ನೋಡಿದವರಿಗೆ ಅದು ಅವರ ಕೂರುವ ಜಾಗ, ಅಷ್ಟೇ.

ಹೋದ ತಿಂಗಳು ಉದಗೀರದಿಂದ ಕಾಕುವನ್ನು ತಂದು ಇಲ್ಲಿಯೇ ಮಣ್ಣು ಮಾಡಿದರು. ಭಾವ ಕೊನೆಯ ತನಕ ಇದ್ದು, ಒಂದು ಹಿಡಿ ಮಣ್ಣು ಹಾಕಿ, ಯಾರೊಂದಿಗೂ ಮಾತಾಡದೆ ಬಂದರು. ಮರುದಿನ ನಾನು ಶಾಲೆಗೆ ಹೋಗಲಿಲ್ಲ. ಭಾವ ಬೆಳಗ್ಗೆ ಏನೂ ತಿನ್ನದೆ ಹೊಲಕ್ಕೆ ಹೋಗಿದ್ದರಿಂದ ಮಧ್ಯಾಹ್ನ ಬುತ್ತಿ ಒಯ್ದೆ. ಸತ್ತ ಮನೆಯಾದರೂ ಕುರಿಗೆ ನೀರು ತಪ್ಪುವುದಿಲ್ಲ. ಘಂಟೆಯ ಸಪ್ಪಳ ಕೇಳಿಸಿತು. ಭಾವ ಅದೇ ಒಡ್ಡಿನ ಮೇಲೆ ಕೂತಿದ್ದರು. ಅವತ್ತು ಬೆನ್ನು ಹೈವೇಯ ಕಡೆಗಿತ್ತು, ಮುಖ ದಾರಿಯ ಕಡೆಗೆ.

ಕಾಕುವಿನ ಮಗ ಅದನ್ನು ಕಂಡು ನಿಂತುಬಿಟ್ಟ. ಕುರಿಗಳೂ ಅವನ ಮುಂದೆ ಗುಂಪಾಗಿ ನಿಂತವು.

"ಆ ವರ್ಷ ಕಡಲಿ ತಿಂದ ಕುರಿ ನಿಮ್ಮವಲ್ಲ," ಎಂದರು ಭಾವ. "ಮರದಿನಾನೇ ನನಗ ಗೊತ್ತಾಗಿತ್ತು."

"ನಿಮಗ ಗೊತ್ತದ ಅಂತ ಅವ್ವಗ ಗೊತ್ತಿತ್ತರಿ, ಮಾಮಾ," ಎಂದ ಅವನು. "ಮಾಮಾ ತಾನೇ ಹೇಳೂತನಕ ನೀ ಬಾಯಿ ಬಿಡಬ್ಯಾಡ ಅಂದಿದ್ದಳು."

ಭಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮತ್ತೊಮ್ಮೆ ಒರೆಸಿಕೊಂಡರು.

"ಕುರಿ ನೀರ ಕುಡದಾವೇನು?"

"ಇನ್ನಾ ಇಲ್ಲರಿ. ಈಗ ಹೊಂಟಾವ."

"ಹಂಗಾರ ನಡಿ," ಎಂದು ಭಾವ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಅವನ ಜೊತೆಗೆ ಕುರಿಗಳ ಹಿಂದೆ ಹಳ್ಳಕ್ಕೆ ಇಳಿದರು.